ಸೂಕ್ಷ್ಮ ಜೀರ್ಣಶಕ್ತಿಯುಳ್ಳವರಿಗೆ ಮಿತವ್ಯಯದ ದಿನಸಿ: ಪಡಿತರ ಚೀಟಿದಾರರು ಹಾಗೂ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹೊಟ್ಟೆಯುಬ್ಬರ, ಎದೆಯುರಿ, ಪದೇ ಪದೇ ಭೇದಿ, ಮಲಬದ್ಧತೆ ಮುಂತಾದ ತೊಂದರೆಗಳಿಂದ ಬಳಲುವವರು ಬಹುತೇಕ ಎಲ್ಲ ಕುಟುಂಬಗಳಲ್ಲಿಯೂ ಇರುತ್ತಾರೆ. ಇಂತಹವರಿಗೆ ವಿಶೇಷವಾದ, ದುಬಾರಿಯಾದ ಆಹಾರವೇ ಬೇಕೆಂಬ ಭಾವನೆ ಸಾರ್ವಜನಿಕರಲ್ಲಿ ಬೇರೂರಿದೆ. ಇದರ ಪರಿಣಾಮವಾಗಿ ಎರಡು ಬಗೆಯ ನಷ್ಟ ಉಂಟಾಗುತ್ತಿದೆ. ಒಂದನೆಯದಾಗಿ, ಸೀಮಿತ ಆದಾಯದ ಕುಟುಂಬಗಳು ಸಣ್ಣ ಪೊಟ್ಟಣಗಳ ಸಿದ್ಧ ಆಹಾರಕ್ಕೆ ಹೆಚ್ಚಿನ ಹಣ ವ್ಯಯಿಸುತ್ತವೆ. ಎರಡನೆಯದಾಗಿ, ಯಾವ ಪದಾರ್ಥದಿಂದ ತೊಂದರೆಯಾಗುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳದೆ ಹಾಲು, ಬೇಳೆ, ಗೋಧಿ, ತರಕಾರಿಗಳನ್ನು ಒಂದೊಂದಾಗಿ ತ್ಯಜಿಸಿ, ಕೊನೆಗೆ ಬಿಳಿ ಅನ್ನ ಮತ್ತು ತಿಳಿಸಾರಿಗೆ ಸೀಮಿತವಾಗಿ, ಪೌಷ್ಟಿಕಾಂಶದ ಕೊರತೆಗೆ ಒಳಗಾಗುತ್ತಾರೆ. ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರಲ್ಲಿ ಎರಡನೆಯ ನಷ್ಟವು ಹೆಚ್ಚು ಗಂಭೀರವಾದುದು.

ವಾಸ್ತವದಲ್ಲಿ ನ್ಯಾಯಬೆಲೆ ಅಂಗಡಿಯ ಧಾನ್ಯ, ಸಂತೆಯ ತರಕಾರಿ ಮತ್ತು ನೆರೆಯ ದಿನಸಿ ಅಂಗಡಿಯ ಹೆಸರುಬೇಳೆ, ಜೀರಿಗೆ, ಶುಂಠಿ ಇಷ್ಟರಿಂದಲೇ ಬಹುಪಾಲು ಜನರ ಅಗತ್ಯ ಪೂರೈಸಬಹುದಾಗಿದೆ. ಆಯ್ಕೆ, ನೆನೆಸುವ ಕ್ರಮ, ಬೇಯಿಸುವ ಕ್ರಮ ಮತ್ತು ದಾಸ್ತಾನು ಸರಿಯಾಗಿರಬೇಕಷ್ಟೆ. ಈ ಕುರಿತ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ನೀಡಲಾಗಿದೆ.

2. ಆಹಾರ ತ್ಯಜಿಸುವ ಮುನ್ನ ಕಾರಣ ತಿಳಿಯುವುದು

ಜೀರ್ಣಾಂಗದ ತೊಂದರೆಗಳೆಲ್ಲವೂ ಒಂದೇ ಕಾರಣದಿಂದ ಬರುವುದಿಲ್ಲ. ಸಾಮಾನ್ಯವಾಗಿ ಕಂಡುಬರುವ ಮೂರು ಸ್ಥಿತಿಗಳು ಹೀಗಿವೆ:

(ಅ) ಹಾಲಿನ ಸಕ್ಕರೆ ಜೀರ್ಣವಾಗದಿರುವುದು: ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಕಿಣ್ವವು ವಯಸ್ಸಾದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಜೀರ್ಣವಾಗದ ಸಕ್ಕರೆಯು ದೊಡ್ಡ ಕರುಳಿನಲ್ಲಿ ಹುಳಿತು ವಾಯು, ನೋವು ಹಾಗೂ ಭೇದಿಗೆ ಕಾರಣವಾಗುತ್ತದೆ. ಇದು ಹಾಲಿನ ಅಲರ್ಜಿಯಲ್ಲ.

(ಆ) ಕೆರಳುವ ಕರುಳಿನ ತೊಂದರೆ: ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳುಗಳು ಹಾಗೂ ಕೆಲವು ಹಣ್ಣುಗಳಲ್ಲಿರುವ, ಸುಲಭವಾಗಿ ಹೀರಲ್ಪಡದ ಸಕ್ಕರೆ ಅಂಶಗಳು ಇಂತಹವರ ಕರುಳನ್ನು ಕೆರಳಿಸುತ್ತವೆ. ಎಷ್ಟು ಪ್ರಮಾಣ ಸಹ್ಯ ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ. ಮಾನಸಿಕ ಒತ್ತಡ ಮತ್ತು ನಿದ್ರಾಹೀನತೆಯಿಂದಲೂ ಇದು ಉಲ್ಬಣಿಸುತ್ತದೆ.

(ಇ) ಸೀಲಿಯಾಕ್ ಕಾಯಿಲೆ: ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಶದ ವಿರುದ್ಧ ದೇಹದ ರೋಗನಿರೋಧಕ ವ್ಯವಸ್ಥೆಯೇ ವರ್ತಿಸಿ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುವ ಕಾಯಿಲೆ ಇದು. ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು, ಕಬ್ಬಿಣಾಂಶದ ಮಾತ್ರೆ ನೀಡಿದರೂ ರಕ್ತಹೀನತೆ ಸರಿಹೋಗದಿರುವುದು ಇದರ ಸೂಚನೆಗಳಾಗಿರಬಹುದು. ಈ ಕಾಯಿಲೆಯಲ್ಲಿ ಗೋಧಿಯನ್ನು ಜೀವನಪರ್ಯಂತ, ಸಂಪೂರ್ಣವಾಗಿ ವರ್ಜಿಸಬೇಕಾಗುತ್ತದೆ.

ಮುಖ್ಯ ಸೂಚನೆ: ಸೀಲಿಯಾಕ್ ಕಾಯಿಲೆಯ ಸಂಶಯವಿದ್ದಲ್ಲಿ, ರಕ್ತಪರೀಕ್ಷೆ ಆಗುವವರೆಗೆ ಗೋಧಿ ಸೇವನೆಯನ್ನು ತಾವಾಗಿಯೇ ನಿಲ್ಲಿಸಬಾರದು. ಗೋಧಿ ಬಿಟ್ಟ ನಂತರ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲವೆಂಬ ಫಲಿತಾಂಶ ಬರುವ ಸಾಧ್ಯತೆ ಇದೆ. ಅಂತಹ ತಪ್ಪು ಫಲಿತಾಂಶದಿಂದ ಮಗುವಿನ ಚಿಕಿತ್ಸೆ ವರ್ಷಗಟ್ಟಲೆ ವಿಳಂಬವಾಗಬಹುದು.

ಕೆಳಕಂಡ ಲಕ್ಷಣಗಳಿದ್ದಲ್ಲಿ ಆಹಾರ ಬದಲಾವಣೆಯಿಂದ ಪರಿಹಾರ ನಿರೀಕ್ಷಿಸದೆ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಕೂಡಲೇ ಭೇಟಿ ನೀಡತಕ್ಕದ್ದು:

• ಮಲದಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಾದ ಮಲ
• ಕಾರಣವಿಲ್ಲದೆ ದೇಹದ ತೂಕ ಇಳಿಯುವುದು
• ರಾತ್ರಿ ನಿದ್ರೆಯಿಂದ ಎಬ್ಬಿಸುವಂತಹ ಭೇದಿ ಅಥವಾ ನೋವು
• ನುಂಗಲು ಕಷ್ಟವಾಗುವುದು, ನಿಲ್ಲದ ವಾಂತಿ
• ರಕ್ತಹೀನತೆ, ಅಥವಾ ಮಕ್ಕಳಲ್ಲಿ ತೂಕ ಮತ್ತು ಎತ್ತರ ಹೆಚ್ಚದಿರುವುದು
• 50 ವರ್ಷ ಮೀರಿದವರಲ್ಲಿ ಹೊಸದಾಗಿ ಕಾಣಿಸಿಕೊಂಡ ತೊಂದರೆ

3. ಧಾನ್ಯಗಳು

3.1 ಅಕ್ಕಿ: ಅಕ್ಕಿಯಲ್ಲಿ ಗ್ಲುಟೆನ್ ಇರುವುದಿಲ್ಲ. ಮೆತ್ತಗೆ ಬೇಯಿಸಿದ ಅನ್ನ ಹಾಗೂ ಗಂಜಿ ಬಹುತೇಕ ಎಲ್ಲರಿಗೂ ಜೀರ್ಣವಾಗುವ ಆಹಾರ. ಕರಾವಳಿಯಲ್ಲಿ ರೂಢಿಯಲ್ಲಿರುವ ಕುಚ್ಚಲಕ್ಕಿ ಗಂಜಿಯು ರೋಗಿಗೂ ಆರೋಗ್ಯವಂತರಿಗೂ ಸಮಾನವಾಗಿ ಒಗ್ಗುತ್ತದೆ. ಅವಲಕ್ಕಿ, ಮಂಡಕ್ಕಿ, ಅಕ್ಕಿತರಿ ಇವು ಅಕ್ಕಿಯಿಂದಲೇ ಆದ, ಬೇಗನೆ ಸಿದ್ಧವಾಗುವ ಪದಾರ್ಥಗಳು. ಆದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ನಾರು ಕಡಿಮೆ ಇರುವುದರಿಂದ ಮಲಬದ್ಧತೆ ಇರುವವರು ಅದೊಂದನ್ನೇ ಅವಲಂಬಿಸಬಾರದು.

ಪಡಿತರ ಅಕ್ಕಿಯ ಕೆಲವು ದಾಸ್ತಾನುಗಳಲ್ಲಿ ಕಬ್ಬಿಣ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವವನ್ನು ಸೇರಿಸಿ ತಯಾರಿಸಿದ ಸಾರವರ್ಧಿತ ಕಾಳುಗಳನ್ನು ಬೆರೆಸಿರಲಾಗುತ್ತದೆ. ನೂರು ಕಾಳು ಅಕ್ಕಿಗೆ ಸುಮಾರು ಒಂದರಂತೆ ಇವು ಇರುತ್ತವೆ. ಅಕ್ಕಿಹಿಟ್ಟಿನಿಂದಲೇ ಮಾಡಿದ ಈ ಕಾಳುಗಳ ಬಣ್ಣ ತುಸು ಭಿನ್ನವಾಗಿದ್ದು, ತೊಳೆಯುವಾಗ ಕೆಲವೊಮ್ಮೆ ತೇಲುತ್ತವೆ. ಇವುಗಳನ್ನು ಪ್ಲಾಸ್ಟಿಕ್ ಅಕ್ಕಿಯೆಂದು ಭಾವಿಸಿ ಆರಿಸಿ ಎಸೆಯುವ ಅಗತ್ಯವಿಲ್ಲ. ಅಕ್ಕಿಯನ್ನು ಒಂದೆರಡು ಬಾರಿ ಹಗುರವಾಗಿ ತೊಳೆದರೆ ಸಾಕು.

3.2 ರಾಗಿ: ರಾಗಿಯಲ್ಲಿಯೂ ಗ್ಲುಟೆನ್ ಇಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುವುದರಿಂದ ಹಾಲು ಒಗ್ಗದವರಿಗೆ ಇದು ವಿಶೇಷವಾಗಿ ಉಪಯುಕ್ತ. ಆದಾಗ್ಯೂ ರಾಗಿಯಲ್ಲಿ ನಾರು ಅಧಿಕ. ಅಭ್ಯಾಸವಿಲ್ಲದವರು ಮೊದಲ ದಿನವೇ ದೊಡ್ಡ ಮುದ್ದೆ ಉಂಡರೆ ಹೊಟ್ಟೆ ಭಾರವಾಗುವುದು ಸಹಜ. ಅಂತಹವರು ತೆಳುವಾದ ಅಂಬಲಿಯಿಂದ ಪ್ರಾರಂಭಿಸಿ, ಒಂದೆರಡು ವಾರಗಳಲ್ಲಿ ಪ್ರಮಾಣವನ್ನು ಕ್ರಮೇಣ ಹೆಚ್ಚಿಸಬಹುದು. ರಾಗಿಯನ್ನು ರಾತ್ರಿ ನೆನೆಸಿ, ನೀರು ಬಸಿದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟು ಇನ್ನೂ ಸುಲಭವಾಗಿ ಜೀರ್ಣವಾಗುತ್ತದೆ. ಅಂಗಡಿಯಲ್ಲಿ ರಾಗಿ ಮಾಲ್ಟ್ ಹೆಸರಿನಲ್ಲಿ ಮಾರುವ ಕೆಲವು ಪುಡಿಗಳಲ್ಲಿ ಸಕ್ಕರೆ, ಹಾಲಿನ ಪುಡಿ, ಗೋಧಿ ಅಥವಾ ಬಾರ್ಲಿ ಬೆರೆತಿರಬಹುದಾದ್ದರಿಂದ ಪೊಟ್ಟಣದ ಮೇಲಿನ ವಿವರ ಓದುವುದು ಅಗತ್ಯ.

3.3 ಜೋಳ: ಉತ್ತರ ಕರ್ನಾಟಕದ ನಿತ್ಯದ ಆಹಾರವಾದ ಬಿಳಿಜೋಳವು ಗ್ಲುಟೆನ್ ರಹಿತ. ಬಿಸಿಯಾದ, ಮೆತ್ತನೆಯ ರೊಟ್ಟಿ ಅಥವಾ ಮಜ್ಜಿಗೆಯೊಡನೆ ಜೋಳದ ನುಚ್ಚು ಸೂಕ್ಷ್ಮ ಹೊಟ್ಟೆಗೆ ಸೂಕ್ತ. ಚೆನ್ನಾಗಿ ಜಗಿದು ತಿನ್ನಬೇಕಾದ ಕಟಕ ರೊಟ್ಟಿಯನ್ನು ವೃದ್ಧರು ಸಾರಿನಲ್ಲಿ ನೆನೆಸಿ ಸೇವಿಸುವುದು ಲೇಸು.

3.4 ಸಿರಿಧಾನ್ಯಗಳು: ನವಣೆ, ಸಾಮೆ, ಹಾರಕ, ಊದಲು ಮುಂತಾದವು ಪೌಷ್ಟಿಕವಾದರೂ ಸಿರಿಧಾನ್ಯವೆಂದ ಮಾತ್ರಕ್ಕೆ ಹಗುರವಲ್ಲ. ನಾರಿನಂಶ ಹೆಚ್ಚಿರುವ ಇವನ್ನು ಕೆಲವು ಗಂಟೆ ನೆನೆಸಿ, ಹೆಚ್ಚು ನೀರಿನಲ್ಲಿ ಬೇಯಿಸಬೇಕು. ರಾಗಿ ಮತ್ತು ಜೋಳ ಕಡಿಮೆ ದರದಲ್ಲಿ ದೊರೆಯುವಲ್ಲಿ, ಇವನ್ನು ಕೊಳ್ಳಲೇಬೇಕೆಂಬ ನಿರ್ಬಂಧವಿಲ್ಲ.

4. ಬೇಳೆಕಾಳುಗಳು

ವಾಯುವಿನ ಭಯದಿಂದ ಬೇಳೆಯನ್ನೇ ಬಿಡುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಸಸ್ಯಾಹಾರಿ ಕುಟುಂಬಗಳಲ್ಲಿ ಪ್ರೋಟೀನಿನ ಮುಖ್ಯ ಮೂಲ ಬೇಳೆಯೇ ಆಗಿರುತ್ತದೆ. ಬೇಳೆಯನ್ನು ತ್ಯಜಿಸುವ ಬದಲು ಬೇಳೆಯ ಬಗೆ ಮತ್ತು ಅಡುಗೆಯ ಕ್ರಮವನ್ನು ಬದಲಿಸುವುದು ಸೂಕ್ತ.

ಸಿಪ್ಪೆ ತೆಗೆದ ಹೆಸರುಬೇಳೆ ಎಲ್ಲಕ್ಕಿಂತ ಹಗುರ. ನಂತರದ ಸ್ಥಾನ ತೊಗರಿಬೇಳೆಯದು. ಕಡಲೆ, ಅಲಸಂದೆ, ಅವರೆ, ಬಟಾಣಿ ಹಾಗೂ ಹುರುಳಿ ಹೆಚ್ಚಿನವರಲ್ಲಿ ವಾಯು ಉಂಟುಮಾಡುತ್ತವೆ. ಇದಕ್ಕೆ ಕಾರಣವಾದ ಸಕ್ಕರೆ ಅಂಶಗಳು ನೀರಿನಲ್ಲಿ ಕರಗುವ ಗುಣವುಳ್ಳವು. ಆದ್ದರಿಂದ ಕಾಳುಗಳನ್ನು 8ರಿಂದ 12 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಪೂರ್ತಿ ಮೆತ್ತಗಾಗುವವರೆಗೆ ಬೇಯಿಸಿದಲ್ಲಿ ತೊಂದರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಮೊಳಕೆ ಬರಿಸುವುದರಿಂದಲೂ ಈ ಅಂಶಗಳು ತಗ್ಗುತ್ತವೆ. ಆದರೆ ಸೂಕ್ಷ್ಮ ಹೊಟ್ಟೆಯವರು ಮೊಳಕೆ ಕಾಳನ್ನು ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಬೇಕು. ಮೊಳಕೆಯ ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ.

ಪ್ರಾರಂಭದಲ್ಲಿ ಊಟಕ್ಕೆ ಎರಡು ಮೂರು ಚಮಚ ಬೆಂದ ಬೇಳೆ ಸೇವಿಸಿ, ಒಗ್ಗಿದ ನಂತರ ಹೆಚ್ಚಿಸಬಹುದು. ಮೊಟ್ಟೆ ಸೇವಿಸುವವರಿಗೆ ಬೇಯಿಸಿದ ಮೊಟ್ಟೆಯು ಮಿತವ್ಯಯದ, ವಾಯು ಉಂಟುಮಾಡದ ಪ್ರೋಟೀನ್ ಮೂಲವಾಗಿದೆ.

5. ಹಾಲು, ಮೊಸರು ಮತ್ತು ಮಜ್ಜಿಗೆ

ಹಾಲು ಒಗ್ಗದವರಿಗೆ ಮೊಸರೂ ಒಗ್ಗುವುದಿಲ್ಲವೆಂದು ಭಾವಿಸಬೇಕಾಗಿಲ್ಲ. ಹಾಲು ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್‌ನ ಒಂದು ಭಾಗವನ್ನು ಬಳಸಿಕೊಳ್ಳುತ್ತವೆ. ಮನೆಯಲ್ಲಿ ಚೆನ್ನಾಗಿ ಹೆಪ್ಪಾದ ಮೊಸರು ಮತ್ತು ನೀರು ಬೆರೆಸಿ ಕಡೆದ ಮಜ್ಜಿಗೆ ಅನೇಕರಿಗೆ ಸಹ್ಯವಾಗುತ್ತವೆ. ಬರಿಹೊಟ್ಟೆಯಲ್ಲಿ ಒಂದು ಲೋಟ ಹಾಲು ಕುಡಿದಾಗ ತೊಂದರೆಯಾಗುವವರಿಗೆ ಊಟದೊಡನೆ ಕಾಲು ಲೋಟ ಒಗ್ಗಬಹುದು.

ಪರೀಕ್ಷಿಸುವ ಕ್ರಮ ಸರಳವಾಗಿದೆ. ಎರಡು ವಾರ ಹಾಲು ಮತ್ತು ಹಾಲು ಬೆರೆಸಿದ ಕಾಫಿ, ಚಹಾ ನಿಲ್ಲಿಸಿ, ಉಳಿದ ಆಹಾರವನ್ನು ಯಥಾಸ್ಥಿತಿಯಲ್ಲಿರಿಸಬೇಕು. ತೊಂದರೆ ತಗ್ಗಿದಲ್ಲಿ ಮಜ್ಜಿಗೆ, ಮೊಸರು, ಸ್ವಲ್ಪ ಹಾಲು ಎಂಬ ಕ್ರಮದಲ್ಲಿ ಮರಳಿ ಸೇರಿಸಿ ತನ್ನ ಮಿತಿಯನ್ನು ಕಂಡುಕೊಳ್ಳಬೇಕು. ತಗ್ಗದಿದ್ದಲ್ಲಿ ಹಾಲು ಕಾರಣವಲ್ಲವೆಂದು ತಿಳಿದು ಹಿಂದಿನಂತೆ ಬಳಸಬಹುದು. ಚಿಕ್ಕ ಮಕ್ಕಳಿಗೆ ವೈದ್ಯರ ಸಲಹೆಯಿಲ್ಲದೆ ಹಾಲು ನಿಲ್ಲಿಸಬಾರದು.

6. ತರಕಾರಿ, ಹಣ್ಣು ಮತ್ತು ಒಗ್ಗರಣೆ ಸಾಮಗ್ರಿ

ಪಡವಲಕಾಯಿ, ಹೀರೆಕಾಯಿ, ಸೋರೆಕಾಯಿ, ಬೂದುಗುಂಬಳ, ಸೌತೆಕಾಯಿ, ಕ್ಯಾರೆಟ್ ಹಾಗೂ ಎಳೆಯ ಸೊಪ್ಪುಗಳು ಸಾಮಾನ್ಯವಾಗಿ ಒಗ್ಗುವ ತರಕಾರಿಗಳು. ವಾರದ ಸಂತೆಯಲ್ಲಿ ಹಾಗೂ ಹಾಪ್‌ಕಾಮ್ಸ್ ಮಳಿಗೆಗಳಲ್ಲಿ ಇವು ವರ್ಷದ ಬಹುಭಾಗ ದೊರೆಯುತ್ತವೆ. ಎಲೆಕೋಸು, ಹೂಕೋಸುಗಳನ್ನು ಕಡಿಮೆ ಪ್ರಮಾಣದಲ್ಲಿ ಬಳಸಿ ನೋಡಬೇಕು. ಸೋರೆಕಾಯಿ ಅಥವಾ ಸೌತೆಕಾಯಿ ಕಹಿಯಾಗಿದ್ದಲ್ಲಿ ಅಡುಗೆಗಾಗಲಿ ರಸಕ್ಕಾಗಲಿ ಬಳಸದೆ ಎಸೆಯತಕ್ಕದ್ದು. ಆ ಕಹಿಯು ವಿಷಕಾರಿಯಾಗಿದ್ದು ತೀವ್ರ ವಾಂತಿ, ರಕ್ತಭೇದಿಗೆ ಕಾರಣವಾಗಬಲ್ಲದು.

ಹಣ್ಣುಗಳಲ್ಲಿ ಬಾಳೆ, ಪರಂಗಿ, ಕಿತ್ತಳೆ ಸುಲಭ ದರದವು ಮತ್ತು ಹೆಚ್ಚಿನವರಿಗೆ ಒಗ್ಗುವಂತಹವು. ಹಲಸು, ಮಾವು, ಸೇಬುಗಳು ಕೆಲವರಲ್ಲಿ ವಾಯು ಮತ್ತು ಭೇದಿ ಉಂಟುಮಾಡುತ್ತವೆ.

ಈರುಳ್ಳಿ, ಬೆಳ್ಳುಳ್ಳಿ ಒಗ್ಗದವರಿಗೆ ಅಡುಗೆ ಸಪ್ಪೆಯಾಗಬೇಕಿಲ್ಲ. ತೊಂದರೆ ಕೊಡುವ ಅಂಶವು ನೀರಿನಲ್ಲಿ ಕರಗುತ್ತದೆಯೇ ಹೊರತು ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಇಡೀ ಬೆಳ್ಳುಳ್ಳಿ ಎಸಳುಗಳನ್ನು ಎಣ್ಣೆಯಲ್ಲಿ ಬಾಡಿಸಿ, ಎಸಳುಗಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲಿ ಒಗ್ಗರಣೆ ಹಾಕಬಹುದು. ಜೀರಿಗೆ, ಶುಂಠಿ, ಕರಿಬೇವು, ಕೊತ್ತಂಬರಿ, ಇಂಗು ಇವುಗಳಿಂದಲೂ ರುಚಿ ಬರುತ್ತದೆ. ಖಾರ ಒಗ್ಗದವರು ಗುಂಟೂರು ಮೆಣಸಿನಕಾಯಿಯ ಬದಲು ಬ್ಯಾಡಗಿ ಮೆಣಸಿನಕಾಯಿ ಬಳಸಿದಲ್ಲಿ ಬಣ್ಣ ಉಳಿಯುತ್ತದೆ, ಖಾರ ಕಡಿಮೆಯಾಗುತ್ತದೆ. ಒಮ್ಮೆ ಕರಿದ ಎಣ್ಣೆಯನ್ನು ಪುನಃ ಪುನಃ ಕಾಯಿಸಿ ಬಳಸುವುದನ್ನು ತಪ್ಪಿಸಬೇಕು.

7. ತಿಂಗಳ ದಾಸ್ತಾನಿನ ಮಾದರಿ ಲೆಕ್ಕ

ನಾಲ್ವರು ವಯಸ್ಕರ ಕುಟುಂಬವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ, ದಿನಕ್ಕೆ 2000 ಕಿಲೋಕ್ಯಾಲೊರಿ ಅಗತ್ಯವಿರುವವರಿಗೆ ಧಾನ್ಯದ ಪ್ರಮಾಣ ಸುಮಾರು 250 ಗ್ರಾಂ. ಅದರಂತೆ ನಾಲ್ವರಿಗೆ 30 ದಿನಗಳಿಗೆ 30 ಕಿ.ಗ್ರಾಂ ಧಾನ್ಯ ಬೇಕಾಗುತ್ತದೆ. ದೈಹಿಕ ಶ್ರಮದ ಕೆಲಸ ಮಾಡುವವರಿಗೆ ಇದಕ್ಕಿಂತ ಹೆಚ್ಚು ಬೇಕು.

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರನ್ವಯ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿ.ಗ್ರಾಂ, ಅಂದರೆ ನಾಲ್ವರಿಗೆ 20 ಕಿ.ಗ್ರಾಂ ಆಹಾರಧಾನ್ಯ ದೊರೆಯುತ್ತದೆ. ಅಂತ್ಯೋದಯ ಅನ್ನ ಕುಟುಂಬಕ್ಕೆ ಸದಸ್ಯರ ಸಂಖ್ಯೆಯನ್ನು ಪರಿಗಣಿಸದೆ 35 ಕಿ.ಗ್ರಾಂ ನಿಗದಿಯಾಗಿದೆ. ಅನ್ನಭಾಗ್ಯ ಯೋಜನೆಯಡಿ ರಾಜ್ಯ ಸರ್ಕಾರ ನೀಡುವ ಹೆಚ್ಚುವರಿ ಸೌಲಭ್ಯವು ಕಾಲಕಾಲದ ಆದೇಶಗಳಂತೆ ಬದಲಾಗುವುದರಿಂದ ಈ ಲೆಕ್ಕದಲ್ಲಿ ಸೇರಿಸಿಲ್ಲ. ಹೀಗೆ ಆದ್ಯತಾ ಕುಟುಂಬವು ಹೊರಗಿನಿಂದ ಕೊಳ್ಳಬೇಕಾದ ಧಾನ್ಯ ಹೆಚ್ಚೆಂದರೆ 10 ಕಿ.ಗ್ರಾಂ. ಸೂಕ್ಷ್ಮ ಹೊಟ್ಟೆಯ ಸದಸ್ಯರಿಗಾಗಿ ಮಾಡುವ ಆಯ್ಕೆಗೆ ಇಷ್ಟು ಅವಕಾಶ ಸಾಕು.

ಮಾದರಿ ಪಟ್ಟಿ:

• ಪಡಿತರ ಧಾನ್ಯ: 20 ಕಿ.ಗ್ರಾಂ
• ರಾಗಿ ಅಥವಾ ಜೋಳ: 6 ಕಿ.ಗ್ರಾಂ
• ಅವಲಕ್ಕಿ, ಅಕ್ಕಿತರಿ: 2 ಕಿ.ಗ್ರಾಂ
• ಗೋಧಿ ಹಿಟ್ಟು (ಒಗ್ಗುವ ಸದಸ್ಯರಿಗೆ ಮಾತ್ರ, ಇಲ್ಲವಾದಲ್ಲಿ ಅಷ್ಟೇ ರಾಗಿ): 2 ಕಿ.ಗ್ರಾಂ
• ಬೇಳೆಕಾಳು, ದಿನಕ್ಕೆ ತಲಾ 50 ಗ್ರಾಂನಂತೆ: 6 ಕಿ.ಗ್ರಾಂ (ಹೆಸರುಬೇಳೆ 3, ತೊಗರಿಬೇಳೆ 2, ಇತರ ಕಾಳು 1)
• ಅಡುಗೆ ಎಣ್ಣೆ: 3ರಿಂದ 3.5 ಲೀಟರ್
• ಅಯೋಡಿನ್‌ಯುಕ್ತ ಉಪ್ಪು, ದಿನಕ್ಕೆ ತಲಾ 5 ಗ್ರಾಂ ಮೀರದಂತೆ: 600 ಗ್ರಾಂ
• ಜೀರಿಗೆ, ಕೊತ್ತಂಬರಿ ಬೀಜ, ಅರಿಶಿನ, ಇಂಗು, ಬ್ಯಾಡಗಿ ಮೆಣಸಿನಕಾಯಿ: ಅಗತ್ಯಕ್ಕೆ ತಕ್ಕಂತೆ, ಸಣ್ಣ ಪ್ರಮಾಣದಲ್ಲಿ
• ಓ.ಆರ್.ಎಸ್. ಪೊಟ್ಟಣ: ಕನಿಷ್ಠ 4

ಹಾಲು, ತರಕಾರಿ, ಹಣ್ಣುಗಳನ್ನು ಆಯಾ ದಿನ ಅಥವಾ ವಾರಕ್ಕೆ ಬೇಕಾದಷ್ಟೇ ಕೊಳ್ಳಬೇಕು.

ದರ ಹೋಲಿಸುವಾಗ ಪೊಟ್ಟಣದ ಬೆಲೆಯನ್ನಲ್ಲ, ಒಂದು ಕಿಲೋ ಬೆಲೆಯನ್ನು ನೋಡಬೇಕು. ಉದಾಹರಣೆಗೆ 400 ಗ್ರಾಂ ಸಿದ್ಧ ಪುಡಿಗೆ ₹120 ಇದ್ದಲ್ಲಿ ಅದರ ದರ ಕಿಲೋಗೆ ₹300 ಆಗುತ್ತದೆ. ಅದೇ ಪುಡಿಯ ಮುಖ್ಯ ಅಂಶ ರಾಗಿಯಾಗಿದ್ದಲ್ಲಿ, ರಾಗಿಯ ಮಾರುಕಟ್ಟೆ ದರದೊಡನೆ ಹೋಲಿಸಿದಾಗ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಪೊಟ್ಟಣದ ಮೇಲೆ ಮುದ್ರಿತವಾಗಿರುವ ಏಕಮಾನ ಮಾರಾಟ ಬೆಲೆಯನ್ನೂ ಇದಕ್ಕೆ ಬಳಸಿಕೊಳ್ಳಬಹುದು.

8. ಗೋಧಿ ಸಂಪೂರ್ಣ ವರ್ಜ್ಯವಿರುವವರಿಗೆ ಸೂಚನೆಗಳು

ಸೀಲಿಯಾಕ್ ಕಾಯಿಲೆ ದೃಢಪಟ್ಟವರ ಮನೆಯಲ್ಲಿ ಗೋಧಿಯ ಅಲ್ಪ ಪ್ರಮಾಣವೂ ಹಾನಿಕರ. ಚಪಾತಿ ಬಿಟ್ಟ ಮಾತ್ರಕ್ಕೆ ಗೋಧಿ ಬಿಟ್ಟಂತಾಗುವುದಿಲ್ಲ. ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

(ಅ) ಮೈದಾ, ಬನ್ಸಿ ರವೆ, ಚಿರೋಟಿ ರವೆ, ಬ್ರೆಡ್, ರಸ್ಕ್, ಹೆಚ್ಚಿನ ಬಿಸ್ಕತ್ತುಗಳು ಗೋಧಿಯವೇ. ಉಪ್ಪಿಟ್ಟು, ಕೇಸರಿಬಾತ್, ರವೆ ಇಡ್ಲಿ, ರವೆ ದೋಸೆಗಳೂ ಗೋಧಿಯ ರವೆಯಿಂದ ಆಗುವಂತಹವು. ಅಂಗಡಿಯಲ್ಲಿ ಇಡ್ಲಿ ರವೆ ಎಂದು ಮಾರುವುದು ಅಕ್ಕಿಯ ತರಿ. ಹೆಸರಿನ ಸಾಮ್ಯದಿಂದ ಗೊಂದಲ ಆಗದಂತೆ ಎಚ್ಚರ ವಹಿಸಬೇಕು. ಶಾವಿಗೆಯಲ್ಲಿಯೂ ಅಕ್ಕಿ ಶಾವಿಗೆ ಮತ್ತು ಗೋಧಿ ಶಾವಿಗೆ ಎಂದು ಎರಡು ಬಗೆಗಳಿವೆ.

(ಆ) ಮಾರುಕಟ್ಟೆಯ ಕೂಟು ಇಂಗಿನಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆತಿರುವುದು ಸಾಮಾನ್ಯ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ದೊರೆಯುತ್ತದೆ. ಡಬ್ಬಿಯ ಮೇಲಿನ ಘಟಕಾಂಶಗಳ ಪಟ್ಟಿ ಓದಿ ಕೊಳ್ಳಬೇಕು.

(ಇ) ಹಿಟ್ಟಿನ ಗಿರಣಿಯಲ್ಲಿ ಗೋಧಿ ಬೀಸಿದ ಯಂತ್ರದಲ್ಲಿಯೇ ರಾಗಿ ಅಥವಾ ಜೋಳ ಬೀಸಿದರೆ ಉಳಿದ ಗೋಧಿ ಹಿಟ್ಟು ಅದರಲ್ಲಿ ಬೆರೆಯುತ್ತದೆ. ಗೋಧಿ ಬೀಸದ ಪ್ರತ್ಯೇಕ ಯಂತ್ರವಿರುವ ಗಿರಣಿ ಅಥವಾ ಮನೆಯ ಮಿಕ್ಸರ್ ಬಳಸುವುದು ಸುರಕ್ಷಿತ. ಮೊದಲು ಬೀಳುವ ಹಿಟ್ಟನ್ನು ಬಿಟ್ಟುಬಿಡುವ ರೂಢಿಯಿಂದ ಬೆರಕೆ ಕಡಿಮೆಯಾದೀತೇ ಹೊರತು ಪೂರ್ಣ ನಿವಾರಣೆಯಾಗುವುದಿಲ್ಲ.

(ಈ) ಮನೆಯಲ್ಲಿ ಇತರರು ಗೋಧಿ ಬಳಸುವುದಾದಲ್ಲಿ ಲಟ್ಟಣಿಗೆ, ಮಣೆ, ಜರಡಿ ಮತ್ತು ಹಿಟ್ಟಿನ ಡಬ್ಬಿಗಳನ್ನು ಪ್ರತ್ಯೇಕವಾಗಿರಿಸಬೇಕು.

(ಉ) ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ, ಗ್ಲುಟೆನ್ ರಹಿತ ಎಂದು ಘೋಷಿಸುವ ಆಹಾರದಲ್ಲಿ ಗ್ಲುಟೆನ್ ಪ್ರಮಾಣ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಪೊಟ್ಟಣದ ಮೇಲೆ 14 ಅಂಕಿಗಳ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಹಾಗೂ ಅಲರ್ಜಿಕಾರಕ ಪದಾರ್ಥಗಳ ಘೋಷಣೆಯನ್ನು ಪರಿಶೀಲಿಸಬೇಕು.

ಇಷ್ಟೆಲ್ಲ ನಿರ್ಬಂಧವಿದ್ದರೂ ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಇಡ್ಲಿ, ದೋಸೆ, ಕಡುಬು, ಒತ್ತು ಶಾವಿಗೆ, ಸಬ್ಬಕ್ಕಿ ಪಾಯಸ ಇವುಗಳಿಗೆ ಗೋಧಿಯ ಅಗತ್ಯವೇ ಇಲ್ಲ. ಕರ್ನಾಟಕದ ರೂಢಿಯ ಅಡುಗೆಯೇ ಇಂತಹ ರೋಗಿಗಳಿಗೆ ದೊಡ್ಡ ಅನುಕೂಲವಾಗಿದೆ.

9. ದಾಸ್ತಾನು ಮತ್ತು ಶುಚಿತ್ವ

ಸೂಕ್ಷ್ಮ ಹೊಟ್ಟೆಯವರ ಅನೇಕ ತೊಂದರೆಗಳಿಗೆ ಪದಾರ್ಥಕ್ಕಿಂತ ಅದನ್ನು ಇಟ್ಟುಕೊಂಡ ಕ್ರಮವೇ ಕಾರಣವಾಗಿರುತ್ತದೆ.

• ಧಾನ್ಯವನ್ನು ನೆಲಕ್ಕೆ ಅಥವಾ ಗೋಡೆಗೆ ತಾಗಿಸದೆ, ಮಣೆಯ ಮೇಲೆ, ಮುಚ್ಚಳವಿರುವ ಒಣ ಡಬ್ಬಿಯಲ್ಲಿಡಬೇಕು. ಹಳೆಯ ದಾಸ್ತಾನಿನ ಮೇಲೆ ಹೊಸದನ್ನು ಸುರಿಯಬಾರದು.
• ಹಿಟ್ಟನ್ನು ಹತ್ತು ಹದಿನೈದು ದಿನಗಳಿಗೆ ಬೇಕಾದಷ್ಟೇ ಬೀಸಿಸಬೇಕು. ಸಜ್ಜೆಯ ಹಿಟ್ಟು ಬಹಳ ಬೇಗ ಕಮಟುತ್ತದೆ.
• ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳ, ಕೊಬ್ಬರಿಯನ್ನು ಆರಿಸಿ ಬಳಸದೆ ಪೂರ್ತಿ ಎಸೆಯಬೇಕು. ಬೂಷ್ಟಿನ ವಿಷವು ಹುರಿದರೂ ಪೂರ್ಣವಾಗಿ ಹೋಗುವುದಿಲ್ಲ.
• ಬೇಯಿಸಿದ ಅನ್ನವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷವು ಪುನಃ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಶೀತಕ ಪೆಟ್ಟಿಗೆ ಇಲ್ಲದ ಮನೆಗಳಲ್ಲಿ ಹೊತ್ತಿಗೆ ಬೇಕಾದಷ್ಟೇ ಬೇಯಿಸುವುದು ಉತ್ತಮ.
• ಕುಡಿಯುವ ನೀರನ್ನು ಕುದಿಸಿ ಆರಿಸಿ, ಮುಚ್ಚಿಟ್ಟು, ಹಿಡಿಕೆಯುಳ್ಳ ಪಾತ್ರೆಯಿಂದ ತೆಗೆಯಬೇಕು.

10. ಭೇದಿಯಾದಾಗ

ಒಂದು ಪ್ರಮಾಣಿತ ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಸೂಚಿಸಿದಷ್ಟು ನೀರಿನಲ್ಲಿ, ಸಾಮಾನ್ಯವಾಗಿ 1 ಲೀಟರ್ ಶುದ್ಧ ನೀರಿನಲ್ಲಿ, ಪೂರ್ತಿ ಕರಗಿಸಿ 24 ಗಂಟೆಯೊಳಗೆ ಬಳಸಬೇಕು. ಪೊಟ್ಟಣ ಇಲ್ಲದಿದ್ದಲ್ಲಿ 1 ಲೀಟರ್ ನೀರಿಗೆ ಮಟ್ಟವಾದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಬಹುದು. ಉಪ್ಪು ಹೆಚ್ಚಾದಲ್ಲಿ ಮಕ್ಕಳಿಗೆ ಅಪಾಯಕರ. ಓ.ಆರ್.ಎಸ್. ಎಂಬ ಹೆಸರಿನ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಪ್ರಮಾಣಿತ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಈ ಪದ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಭೇದಿಯಾದಾಗ ಊಟ ನಿಲ್ಲಿಸದೆ ಗಂಜಿ, ಮೆತ್ತನೆಯ ಹೆಸರುಬೇಳೆ ಪೊಂಗಲ್, ಬಾಳೆಹಣ್ಣು, ಮಜ್ಜಿಗೆ ನೀಡಬೇಕು. ಶಿಶುಗಳಿಗೆ ಎದೆಹಾಲನ್ನು ಮುಂದುವರಿಸತಕ್ಕದ್ದು.

11. ಪಡಿತರ ಪಡೆಯುವವರ ಗಮನಕ್ಕೆ

(ಅ) ನ್ಯಾಯಬೆಲೆ ಅಂಗಡಿಯಲ್ಲಿ ಆ ತಿಂಗಳು ವಿತರಿಸುವ ಪದಾರ್ಥ ಮತ್ತು ಪ್ರಮಾಣವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಬೇಕು ಹಾಗೂ ಧಾನ್ಯದ ಮಾದರಿಯನ್ನು ಪ್ರದರ್ಶಿಸಬೇಕು. ವಿತರಿಸುವ ಧಾನ್ಯವನ್ನು ಮಾದರಿಯೊಡನೆ ಹೋಲಿಸಿ ನೋಡುವ ಹಕ್ಕು ಚೀಟಿದಾರರಿಗಿದೆ.

(ಆ) ರಾಗಿ ಮತ್ತು ಜೋಳದ ವಿತರಣೆಯು ಆಯಾ ಸಾಲಿನ ಸಂಗ್ರಹಣೆ ಮತ್ತು ಜಿಲ್ಲೆಗೆ ಅನುಗುಣವಾಗಿರುತ್ತದೆ. ರಾಗಿ ಅಥವಾ ಜೋಳ ವಿತರಣೆಯಾಗುವ ತಿಂಗಳುಗಳಲ್ಲಿ ಅದನ್ನು ತಪ್ಪದೆ ಪಡೆದುಕೊಂಡಲ್ಲಿ ಹೊರಗಿನ ಖರ್ಚು ಉಳಿಯುತ್ತದೆ.

(ಇ) ಕೆಲಸದ ನಿಮಿತ್ತ ಬೇರೆ ಊರಿನಲ್ಲಿರುವ ಚೀಟಿದಾರರು ಪೋರ್ಟಬಿಲಿಟಿ ಸೌಲಭ್ಯದಡಿ ತಾವಿರುವ ಸ್ಥಳದ ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯಬಹುದು.

(ಈ) ಧಾನ್ಯದ ಗುಣಮಟ್ಟ, ತೂಕ ಅಥವಾ ವಿತರಣೆ ಕುರಿತ ದೂರುಗಳನ್ನು ಅಂಗಡಿ ಮಟ್ಟದ ಜಾಗೃತಿ ಸಮಿತಿ, ಆಹಾರ ನಿರೀಕ್ಷಕರು, ತಹಶೀಲ್ದಾರರು ಅಥವಾ ಸಹಾಯವಾಣಿ 1967ಕ್ಕೆ ಸಲ್ಲಿಸಬಹುದು. ಪೊಟ್ಟಣದ ವಸ್ತುಗಳ ಕುರಿತ ಗ್ರಾಹಕ ದೂರುಗಳಿಗೆ 1915, ಆರೋಗ್ಯ ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಮಾತ್ರ ತೊಂದರೆಯಿದೆ. ಎರಡು ಅಡುಗೆ ಮಾಡಬೇಕೆ?
ಉತ್ತರ: ಅಗತ್ಯವಿಲ್ಲ. ಅನ್ನ, ಹೆಸರುಬೇಳೆ ಸಾರು, ಪಡವಲಕಾಯಿ ಪಲ್ಯವನ್ನು ಎಲ್ಲರಿಗೂ ಒಟ್ಟಿಗೆ ಮಾಡಿ, ಸೂಕ್ಷ್ಮ ಹೊಟ್ಟೆಯವರ ಪಾಲನ್ನು ಮೊದಲು ತೆಗೆದಿರಿಸಿ, ನಂತರ ಉಳಿದವರಿಗೆ ಖಾರ ಮತ್ತು ಈರುಳ್ಳಿ ಒಗ್ಗರಣೆ ಸೇರಿಸಬಹುದು.

ಪ್ರಶ್ನೆ: ತೊಂದರೆಯ ಪದಾರ್ಥವನ್ನು ಮನೆಯಲ್ಲಿಯೇ ಗುರುತಿಸುವುದು ಹೇಗೆ?
ಉತ್ತರ: ಎರಡು ವಾರ ಕಾಲ ತಿಂದ ಆಹಾರ, ಸಮಯ ಮತ್ತು ಲಕ್ಷಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಮ್ಮೆಗೆ ಒಂದು ಪದಾರ್ಥವನ್ನು ಮಾತ್ರ ಬಿಟ್ಟು ನೋಡಿ, ಮರಳಿ ಸೇರಿಸಿ ಪರೀಕ್ಷಿಸಬೇಕು. ಈ ಪುಸ್ತಕವು ವೈದ್ಯರಿಗೂ ಉಪಯುಕ್ತ. ಗೋಧಿಯ ವಿಷಯದಲ್ಲಿ ಕಂಡಿಕೆ 2ರ ಸೂಚನೆಯನ್ನು ಪಾಲಿಸತಕ್ಕದ್ದು.

ಪ್ರಶ್ನೆ: ಮಲಬದ್ಧತೆಗೆ ನಾರಿನ ಆಹಾರ ಹೆಚ್ಚಿಸಿದಾಗ ಹೊಟ್ಟೆಯುಬ್ಬರ ಹೆಚ್ಚಾಗಿದೆ. ಏನು ಮಾಡಬೇಕು?
ಉತ್ತರ: ನಾರನ್ನು ಒಮ್ಮೆಲೇ ಹೆಚ್ಚಿಸಿರುವುದು ಕಾರಣವಾಗಿರಬಹುದು. ಪ್ರಮಾಣ ತಗ್ಗಿಸಿ, ಸಾಕಷ್ಟು ನೀರು ಕುಡಿಯುತ್ತ, ಕೆಲವು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಬೇಕು.

ಪ್ರಶ್ನೆ: ಬಿಟ್ಟ ಪದಾರ್ಥವನ್ನು ಮುಂದೆ ಎಂದಿಗೂ ತಿನ್ನಬಾರದೆ?
ಉತ್ತರ: ಸೀಲಿಯಾಕ್ ಕಾಯಿಲೆ ಮತ್ತು ನಿಜವಾದ ಅಲರ್ಜಿಯ ಹೊರತು ಹೆಚ್ಚಿನ ಸಂದರ್ಭಗಳಲ್ಲಿ ಸ್ವಲ್ಪ ಪ್ರಮಾಣದಲ್ಲಿ ಮರಳಿ ಸೇರಿಸಲು ಸಾಧ್ಯ. ಆಹಾರದ ಪಟ್ಟಿ ಎಷ್ಟು ವಿಸ್ತಾರವಾಗಿರುತ್ತದೆಯೋ ಪೋಷಣೆ ಅಷ್ಟು ಉತ್ತಮವಾಗಿರುತ್ತದೆ.

ಸೂಚನೆ: ಈ ಲೇಖನದಲ್ಲಿನ ವಿವರಗಳು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಮಧುಮೇಹ, ಮೂತ್ರಪಿಂಡದ ಕಾಯಿಲೆ ಅಥವಾ ಇತರ ದೀರ್ಘಕಾಲೀನ ಕಾಯಿಲೆಗಳಿರುವವರು ಆಹಾರ ಕ್ರಮವನ್ನು ಬದಲಿಸುವ ಮುನ್ನ ವೈದ್ಯರ ಸಲಹೆ ಪಡೆಯಲು ಕೋರಲಾಗಿದೆ.